ಬೆಳೆ ಕಾಯುವುದು ಬಂದೂಕಿನ ಕೆಲಸವಲ್ಲ

ಕಾರ್ತಿಕ ಬಂದು ರಾಗಿ ತೆನೆ ಬಲಿಯುವ ಹೊತ್ತಿಗೆ ನಮ್ಮ ಸೀಮೆಯಲ್ಲಿ ಒಂದೇ ಮಾತು ಏಳುತ್ತದೆ. ಕನಕಪುರದ ಕೋಡಿಹಳ್ಳಿ, ಸಾತನೂರಿನಲ್ಲೂ ಅದೇ. ಚನ್ನಪಟ್ಟಣದ ವಿರೂಪಾಕ್ಷಿಪುರದಲ್ಲೂ, ರಾಮನಗರದ ಕೈಲಾಂಚದಲ್ಲೂ, ಮಾಗಡಿಯಲ್ಲಿ ಸಾವನದುರ್ಗದ ತಪ್ಪಲಿನ ಊರುಗಳಲ್ಲೂ ಅದೇ. "ರೈತನ ಕೈಗೆ ಬಂದೂಕು ಕೊಡಿ, ಆನೆ ಹಂದಿಗಳನ್ನು ನಾವೇ ನೋಡಿಕೊಳ್ಳುತ್ತೇವೆ." ಅರಣ್ಯ ಇಲಾಖೆಯ ಕಚೇರಿ ಮುಂದಿನ ಧರಣಿಯಲ್ಲಿ ಇದಕ್ಕೆ ಚಪ್ಪಾಳೆ ಬೀಳುತ್ತದೆ. ಜನಪ್ರತಿನಿಧಿಗಳು ತಲೆಯಾಡಿಸುತ್ತಾರೆ. ಪಕ್ಷ ಯಾವುದೇ ಇರಲಿ, ರೈತ ಸಂಘದ ಬಣ ಯಾವುದೇ ಇರಲಿ, ಇದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಒಪ್ಪದವನು ಬೆಂಗಳೂರಿನಲ್ಲಿ ಕುಳಿತ ಪ್ರಾಣಿಪ್ರಿಯ ಎಂದು ಷರಾ ಬರೆದು ಮುಗಿಸುತ್ತಾರೆ.

ನಾನು ಒಪ್ಪುವುದಿಲ್ಲ. ಆನೆಯ ಮೇಲಿನ ಮಮತೆಯಿಂದ ಈ ಮಾತು ಹೇಳುತ್ತಿಲ್ಲ. ಹೊಲದ ಬದುವಿನಲ್ಲಿ ರಾತ್ರಿ ಕಳೆಯುವವನ ಪರವಾಗಿ ನಿಂತು ನೋಡಿದರೂ ಈ ಬೇಡಿಕೆ ತಪ್ಪು, ಅಪಾಯಕಾರಿ. ಅವನಿಗೆ ಸಲ್ಲಬೇಕಾದ ಎಲ್ಲವನ್ನೂ ಕೊಡದೆ ಉಳಿಸಿಕೊಳ್ಳಲು ಸರ್ಕಾರಕ್ಕೆ ಸಿಕ್ಕ ದಾರಿ ಇದು.

ಸಂಕಟ ಸುಳ್ಳೆಂದು ಯಾರೂ ಹೇಳಲಾರರು. ಆರು ತಿಂಗಳು ನೀರು ಕಟ್ಟಿ ಬೆಳೆಸಿದ ಬಾಳೆ ಒಂದು ರಾತ್ರಿಯಲ್ಲಿ ನೆಲ ಕಚ್ಚುತ್ತದೆ. ಫಲಕ್ಕೆ ಬಂದ ತೆಂಗಿನ ಸುಳಿಯನ್ನೇ ಆನೆ ಕಿತ್ತು ತಿನ್ನುತ್ತದೆ, ಮತ್ತೆ ಆ ಮರಕ್ಕೆ ಬದುಕಿಲ್ಲ. ಮಾವಿನ ತೋಪಿನಲ್ಲಿ ಕಾವಲಿಗೆ ಮಲಗಿದವರು ಬೆಳಗ್ಗೆ ಹೆಣವಾಗಿ ಸಿಕ್ಕಿದ್ದುಂಟು. 2020ರ ಮೇ ತಿಂಗಳಲ್ಲಿ ಮಾಗಡಿ ತಾಲ್ಲೂಕಿನಲ್ಲಿ ಮನೆಯಲ್ಲಿ ಮಲಗಿದ್ದ ಮೂರು ವರ್ಷದ ಮಗುವನ್ನು ಚಿರತೆ ಹೊತ್ತೊಯ್ದು ಕೊಂದಿತು. ಆ ತಾಯಿಯ ಮುಂದೆ ನಿಂತು ವನ್ಯಜೀವಿ ಸಂರಕ್ಷಣೆಯ ಪಾಠ ಹೇಳುವ ಎದೆ ನನಗಿಲ್ಲ. ಆದರೆ ನೋವು ದೊಡ್ಡದಾಗಿದೆ ಎಂಬ ಒಂದೇ ಕಾರಣಕ್ಕೆ ಮೊದಲು ಕೈಗೆ ಸಿಕ್ಕಿದ್ದೆಲ್ಲ ಮದ್ದಾಗುವುದಿಲ್ಲ.

ಕೇಳುತ್ತಿರುವ ಬಂದೂಕು ಎಂಥದ್ದು ಎಂಬುದನ್ನು ಮೊದಲು ನೋಡೋಣ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಕಲಂ 13 ಬೆಳೆ ರಕ್ಷಣೆಗೆಂದು ಹೆಸರಿಸುವುದು ಬಾಯಿಯಿಂದ ಮದ್ದು ತುಂಬುವ ಬಂದೂಕನ್ನು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ನಯ ನಳಿಗೆಯ ಬೇರೆ ಬಂದೂಕು ಕೊಡಬಹುದು, ಅದರ ನಳಿಗೆ ಇಪ್ಪತ್ತು ಅಂಗುಲಕ್ಕೆ ಕಡಿಮೆ ಇರಕೂಡದು. ಈ ಒಂಟಿ ನಳಿಗೆ ಬಂದೂಕು ನಮ್ಮ ಹಳ್ಳಿಗಳಿಗೆ ಹೊಸದೇನಲ್ಲ. ನಳಿಗೆಯ ಬಾಯಿಗೆ ಕರಿಮದ್ದು ಸುರಿದು, ಮೇಲೆ ನಾರೋ ಬಟ್ಟೆಯೋ ತುರುಕಿ, ಗಜದಿಂದ ಗಟ್ಟಿಸಿ, ಚರೆ ಹಾಕಿ, ಮತ್ತೆ ಗಟ್ಟಿಸಿ, ಕೊನೆಗೆ ಕೇಪು ಕೂರಿಸಬೇಕು. ಪಳಗಿದ ಕೈಗೂ ಅರ್ಧ ನಿಮಿಷ ಬೇಕು. ಕತ್ತಲಲ್ಲಿ, ಚಳಿಯಲ್ಲಿ, ಎದೆ ಹೊಡೆದುಕೊಳ್ಳುತ್ತಿರುವಾಗ ಅದಕ್ಕೂ ಹೆಚ್ಚು. ಕಾರ್ತಿಕದ ಇಬ್ಬನಿಯಲ್ಲಿ ಮದ್ದು ತೇವ ಹಿಡಿದರೆ ಕೇಪು ಸಿಡಿದು ಬಂದೂಕು ಸುಮ್ಮನಿರುತ್ತದೆ. ಎಲ್ಲ ಸರಿಯಾದರೂ ಒಂದೇ ಒಂದು ಗುಂಡು.

ಆ ಒಂದು ಗುಂಡಿನ ಎದುರು ನಿಂತಿರುವುದು ನಾಲ್ಕು ಟನ್ ತೂಕದ ಪ್ರಾಣಿ. ಚರೆ ಅದರ ತೊಗಲಿನ ಕೆಳಗೆ ಹೊಕ್ಕು ಅಲ್ಲೇ ಕೂರುತ್ತದೆ, ಕೊಲ್ಲುವುದಿಲ್ಲ. ಗಾಯ ಕೀವಾಗುತ್ತದೆ, ತಿಂಗಳುಗಟ್ಟಲೆ ನೋಯುತ್ತದೆ. ಆ ಆನೆ ನಾಳೆ ಇನ್ನೊಂದು ಊರಿನ ಹೊಲಕ್ಕೆ ಇಳಿಯುತ್ತದೆ, ಈ ಸಲ ಮನುಷ್ಯನ ವಾಸನೆಗೇ ಕೆರಳಿ. ಮುಂಜಾನೆ ಹಾಲು ಹಾಕಲು ಡೇರಿಗೆ ಹೊರಟ ಹೆಂಗಸಿಗೆ, ರೇಷ್ಮೆ ಹುಳುವಿಗೆ ಸೊಪ್ಪು ತರಲು ತೋಟಕ್ಕೆ ಹೋದ ಮುದುಕನಿಗೆ ಅದು ಎದುರಾಗುತ್ತದೆ. ಹಿಂದಿನ ರಾತ್ರಿ ಗುಂಡು ಹಾರಿಸಿದವನು ಆಗ ಮನೆಯಲ್ಲಿ ನಿದ್ದೆ ಮಾಡುತ್ತಿರುತ್ತಾನೆ. ಇನ್ನು ಸದ್ದಿಗಾಗಿ ಗಾಳಿಯಲ್ಲಿ ಹಾರಿಸುತ್ತೇವೆ ಎನ್ನುವವರಿದ್ದಾರೆ. ಪಟಾಕಿಗೆ, ತಮಟೆಗೆ ಒಗ್ಗಿದ ಆನೆ ಬರಿಯ ಸದ್ದಿಗೆ ಎಷ್ಟು ದಿನ ಹೆದರೀತು? ತೆಂಗಿನಕಲ್ಲು ಕಾಡಿನಂಚಿನ ರೈತರನ್ನೇ ಕೇಳಿ. ಮೊದಲ ವರ್ಷ ಓಡಿದ ಆನೆ ಮೂರನೆಯ ವರ್ಷ ತಲೆಯೆತ್ತಿ ನೋಡಿ ಮತ್ತೆ ಮೇಯುತ್ತದೆ ಎಂದು ಅವರೇ ಹೇಳುತ್ತಾರೆ.

ಇಲ್ಲಿಂದ ಮಾತು ಇನ್ನೊಂದು ಮೆಟ್ಟಿಲು ಏರಿದೆ. ಹಳೇ ಬಂದೂಕು ಸಾಲದು, ಪ್ರತಿ ಗುಂಡಿಗೂ ಕೈಯಿಂದ ಅಗುಳಿ ಎಳೆಯುವ ಬೋಲ್ಟ್ ಆ್ಯಕ್ಷನ್ ರೈಫಲ್ ಬೇಕು ಎಂಬ ಮಾತು ಮೊಬೈಲಿನಲ್ಲಿ ಪರದೇಶದ ಬೇಟೆಯ ವಿಡಿಯೊ ನೋಡಿದ ಹುಡುಗರ ಬಾಯಲ್ಲಿದೆ. ರೈಫಲ್ ಹೆಗಲಿಗೆ ಒದೆಯುತ್ತದೆ, ಅದಕ್ಕೆ ಅಗ್ಗದ್ದೊಂದು ಮಜಲ್ ಬ್ರೇಕ್ ಹಾಕಿಸಿದರೆ ಯಾರು ಬೇಕಾದರೂ ಹೊಡೆಯಬಹುದು ಎಂಬ ಸಲಹೆಯೂ ಜೊತೆಗಿದೆ. ಇದನ್ನು ಉಡಾಫೆಯ ಮಾತೆಂದು ತಳ್ಳಿಹಾಕದೆ ಬಿಡಿಸಿ ನೋಡಬೇಕು, ಏಕೆಂದರೆ ಬಂದೂಕಿನ ವಾದದಲ್ಲಿರುವ ತಪ್ಪೆಲ್ಲ ಇಲ್ಲಿ ಒಂದೇ ಕಡೆ ಸಿಗುತ್ತದೆ.

ಮಜಲ್ ಬ್ರೇಕ್ ಎಂಬುದು ನಳಿಗೆಯ ತುದಿಗೆ ತಿರುಪಿ ಕೂರಿಸುವ, ಪಕ್ಕಕ್ಕೆ ಕಂಡಿಗಳಿರುವ ಉಕ್ಕಿನ ತುಂಡು. ಗುಂಡಿನ ಹಿಂದೆಯೇ ನುಗ್ಗಿ ಬರುವ ಬಿಸಿ ಅನಿಲವನ್ನು ಅದು ಅಕ್ಕಪಕ್ಕಕ್ಕೆ, ತುಸು ಹಿಂದಕ್ಕೆ ತಿರುಗಿಸುತ್ತದೆ. ಅದರಿಂದ ಒದೆತ ಮೂರರಲ್ಲೊಂದು ಭಾಗದಿಂದ ಅರ್ಧದವರೆಗೆ ತಗ್ಗಬಹುದು. ಹೆಗಲಿಗೆ ತಪ್ಪಿದ ಪೆಟ್ಟು ಕಿವಿಗೆ ಬೀಳುತ್ತದೆ. ರೈಫಲಿನ ಸದ್ದು ಸುಮಾರು 160 ಡೆಸಿಬಲ್. ಇಂಥ ಸಿಡಿತದ ಸದ್ದು 140 ದಾಟಿದರೆ ಕಿವಿಗೆ ಶಾಶ್ವತ ಹಾನಿಯಾಗಬಹುದು. ಬ್ರೇಕ್ ಹಾಕಿದರೆ ಹೊಡೆಯುವವನ ಕಿವಿಗೂ ಪಕ್ಕದಲ್ಲಿ ಕುಳಿತವನ ಕಿವಿಗೂ ಅದು ಇನ್ನಷ್ಟು ಏರುತ್ತದೆ. ಅಟ್ಟಣೆಯ ಮೇಲೆ ಅಪ್ಪನ ಪಕ್ಕ ಮಗನೂ ಕುಳಿತಿರುತ್ತಾನೆ, ಕಿವಿಗೆ ಕಾಪು ಹಾಕಿಕೊಂಡು ಕಾವಲು ಕಾಯುವವರು ನಮ್ಮಲ್ಲಿಲ್ಲ. ಅಗ್ಗದ ಬ್ರೇಕಿನ ರಂಧ್ರ ನಳಿಗೆಯ ನೇರಕ್ಕೆ ಕೂರದಿದ್ದರೆ ಗುಂಡು ಅದರ ಅಂಚಿಗೇ ಬಡಿಯುತ್ತದೆ. ಲೈಸೆನ್ಸಿಲ್ಲದ ಲೇತಿನವನಿಂದ ಬಂದೂಕು ಮಾರ್ಪಡಿಸಿಕೊಳ್ಳುವುದನ್ನು ಶಸ್ತ್ರಾಸ್ತ್ರ ಕಾಯ್ದೆಯ ಕಲಂ 5 ನಿಷೇಧಿಸುತ್ತದೆ. ಇನ್ನು ಬಾಯಿಯಿಂದ ಮದ್ದು ತುಂಬುವ ಬಂದೂಕಿಗೆ ಈ ಸಾಧನ ಅರ್ಥವಿಲ್ಲದ್ದು.

ಇಷ್ಟೆಲ್ಲ ಆದಮೇಲೂ ಬ್ರೇಕ್ ಬದಲಿಸುವುದು ಹೊಡೆಯುವವನ ಹೆಗಲ ನೋವನ್ನು ಮಾತ್ರ. ಗುಂಡು ಹೋಗುವ ದಾರಿ, ಮುಟ್ಟುವ ದೂರ, ಮಾಡುವ ಗಾಯ ಹಾಗೇ ಉಳಿಯುತ್ತವೆ. ಪಶ್ಚಿಮ ಬಂಗಾಳದ ಈಶಾಪುರದ ಕಾರ್ಖಾನೆಯಲ್ಲಿ ತಯಾರಾಗುವ .315 ರೈಫಲ್ ಈ ದೇಶದ ನಾಗರಿಕರಿಗೆ ಬಹುಕಾಲದಿಂದ ಸಿಗುತ್ತಿರುವ ಬೋಲ್ಟ್ ಆ್ಯಕ್ಷನ್. ಸೈನ್ಯದ .303 ಗುಂಡು ಜನರ ಕೈಗೆ ಹೋಗಬಾರದೆಂದು ಬ್ರಿಟಿಷರು ಬೇರೆ ಅಳತೆಯಲ್ಲಿ ಮಾಡಿಸಿದ್ದು. ಅದರ ಗುಂಡು ಸೆಕೆಂಡಿಗೆ 600 ಮೀಟರಿಗೂ ಮಿಕ್ಕ ವೇಗದಲ್ಲಿ ಹೊರಡುತ್ತದೆ. ಗುರಿ ತಪ್ಪಿದ ರೈಫಲ್ ಗುಂಡು ಕಿಲೋಮೀಟರುಗಟ್ಟಲೆ ಹೋಗಬಲ್ಲದು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಒಂದೂರಿನ ಹೊಲ ಮುಗಿಯುವಲ್ಲಿ ಇನ್ನೊಂದೂರಿನ ಮನೆ ಶುರುವಾಗುತ್ತದೆ. ಎಲ್ಲಿ ನೋಡಿದರೂ ಹಾಸುಬಂಡೆ. ಬಂಡೆಗೆ ಬಡಿದ ಗುಂಡು ಎತ್ತ ಪುಟಿಯುತ್ತದೆಂದು ಯಾರಿಗೂ ಗೊತ್ತಾಗದು. ರಾತ್ರಿ ಎರಡು ಗಂಟೆಗೆ, ರಾಗಿ ಸರಸರ ಎಂದ ಕಡೆಗೆ, ತಲೆಗೆ ಕಟ್ಟಿದ ಬ್ಯಾಟರಿ ಬೆಳಕಿನಲ್ಲಿ ಹೊಡೆಯುವ ಗುಂಡು ಅದು. ಅಲ್ಲಿ ಸರಸರ ಎಂದದ್ದು ಹಂದಿಯೋ, ನೀರು ತಿರುಗಿಸಲು ಬಂದ ಪಕ್ಕದ ಹೊಲದವನೋ?

ಬಂದೂಕಿನಿಂದ ಬೆಳೆ ಉಳಿಯುವುದಾದರೆ ಅದರ ಪರೀಕ್ಷೆ ನಮ್ಮ ರಾಜ್ಯದಲ್ಲೇ ಆಗಿಹೋಗಿದೆ. ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿಗೆ ಲೈಸೆನ್ಸೇ ಬೇಡ. ಬ್ರಿಟಿಷರ ಕಾಲದಿಂದ ಬಂದ ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಅಲ್ಲಿ ಕೋವಿ ಮನೆಯ ಗೌರವ, ಹುಟ್ಟಿನಿಂದ ಸಾವಿನವರೆಗೆ ಆಚರಣೆಯ ಭಾಗ, ಕೈಲ್ ಪೊಳ್ದ್ ಹಬ್ಬದಲ್ಲಿ ಪೂಜೆಗೊಳ್ಳುವ ಆಯುಧ. ಗುರಿಗಾರಿಕೆ ಬಲ್ಲ ಜನ. ಅಂಥ ಕೊಡಗಿನಲ್ಲಿ ಆನೆ ಕಾಟ ನಿಂತಿದೆಯೇ? ಕಾಫಿ ತೋಟಗಳಲ್ಲೇ ಆನೆಗಳು ಬೀಡುಬಿಟ್ಟಿವೆ. ಬೆಳಗ್ಗೆ ಕೆಲಸಕ್ಕೆ ಹೊರಟ ಕಾರ್ಮಿಕರು ತೋಟದ ದಾರಿಯಲ್ಲೇ ಸಾಯುತ್ತಾರೆ. ಮನೆಮನೆಯ ಗೋಡೆಯ ಮೇಲಿರುವ ಕೋವಿ ಅಲ್ಲಿ ಮಾಡದ್ದನ್ನು, ಹೊಸದಾಗಿ ಲೈಸೆನ್ಸ್ ಪಡೆದ ಕೆಲವು ಬಂದೂಕುಗಳು ನಮ್ಮ ಕಬ್ಬಾಳಿನ ಕಾಡಂಚಿನಲ್ಲಿ ಮಾಡುತ್ತವೆ ಎಂದು ನಂಬಿಸುವವರು ಇದಕ್ಕೆ ಉತ್ತರ ಕೊಡಲಿ. ನಾನು ಈವರೆಗೆ ಒಂದು ಉತ್ತರವನ್ನೂ ಕೇಳಿಲ್ಲ.

ಶ್ರೀಲಂಕಾವನ್ನೂ ನೋಡಬಹುದು. ರೈತರ ಕೈಯ ಬಂದೂಕು, ಆಹಾರದಲ್ಲಿ ಅಡಗಿಸಿಟ್ಟ ಸಿಡಿಮದ್ದು, ಅಕ್ರಮ ವಿದ್ಯುತ್ ತಂತಿ ಎಲ್ಲ ಸೇರಿ ಅಲ್ಲಿ ಇತ್ತೀಚಿನ ವರ್ಷಗಳಲ್ಲಿ ವರ್ಷಕ್ಕೆ ನೂರಾರು ಆನೆಗಳು ಸಾಯುತ್ತಿವೆ. ಅಷ್ಟು ಸತ್ತ ಮೇಲೂ ಮನುಷ್ಯರ ಸಾವು ನಿಂತಿಲ್ಲ, ವರ್ಷಕ್ಕೆ ನೂರು ದಾಟಿಯೇ ಇದೆ.

"ಆನೆ ಬಿಡಿ, ಹಂದಿಗೆ ಬಂದೂಕು ಬೇಕೇ ಬೇಕು" ಎಂಬುದು ಈ ವಾದದ ಗಟ್ಟಿ ತುದಿ. ಹಂದಿ ಆನೆಗಿಂತ ಹೆಚ್ಚು ಊರುಗಳಿಗೆ ನುಗ್ಗುತ್ತದೆ, ಕಡಲೆಕಾಯಿ ಹೊಲವನ್ನು ಉತ್ತು ಹಾಕಿದಂತೆ ಮಾಡುತ್ತದೆ, ಪರಿಹಾರದ ಪಟ್ಟಿಯಲ್ಲಿ ಅದಕ್ಕೆ ಕೊನೆಯ ಜಾಗ. ಈ ಮಾತಿಗೆ ನಾನು ಕಿವಿಗೊಡುತ್ತೇನೆ. ಆದರೆ ಒಂದು ಸೂಲಿಗೆ ನಾಲ್ಕಾರು ಮರಿ ಹಾಕುವ, ಹೆಚ್ಚಾಗಿ ರಾತ್ರಿಯೇ ಹೊರಬರುವ ಪ್ರಾಣಿಯನ್ನು ಅಲ್ಲೊಂದು ಇಲ್ಲೊಂದು ಹೊಡೆದು ಸಂಖ್ಯೆ ತಗ್ಗಿಸಲಾಗದು. ಕೇರಳ ಸರ್ಕಾರ 2022ರಲ್ಲಿ ಪಂಚಾಯಿತಿ ಅಧ್ಯಕ್ಷರಿಗೇ ಹಂದಿ ಹೊಡೆಸಲು ಆದೇಶಿಸುವ ಅಧಿಕಾರ ಕೊಟ್ಟಿತು. ಅಧಿಕಾರ ಬಂತು, ಹಂದಿ ಕಾಟ ಹೋಗಲಿಲ್ಲ. ಹಂದಿಯನ್ನು ಕ್ಷುದ್ರಜೀವಿ ಎಂದು ಘೋಷಿಸಿ ಎಂದು ಕೇರಳ ಆಮೇಲೂ ದೆಹಲಿಯ ಬಾಗಿಲು ತಟ್ಟಿತು. ಎಲ್ಲಾದರೂ ಹಂದಿ ಹೊಡೆಯಲೇಬೇಕಾದರೆ ಅದನ್ನು ಇಲಾಖೆಯ ತರಬೇತಾದ ಕೈ, ಲೆಕ್ಕ ಒಪ್ಪಿಸುವ ಕೈ ಮಾಡಲಿ. ನಿದ್ದೆಗೆಟ್ಟ ರೈತನ ಹೆಗಲಿಗೆ ಅದನ್ನು ಹೊರಿಸಬೇಡಿ. ಚರೆ ತಗುಲಿ ಕಾಡಿಗೆ ಓಡಿಹೋಗಿ ಸತ್ತ ಹಂದಿಯನ್ನು ತಿನ್ನುವ ರಣಹದ್ದುಗಳೂ ನಮ್ಮಲ್ಲಿವೆ. 2012ರಲ್ಲಿ ದೇಶದ ಮೊದಲ ರಣಹದ್ದು ಧಾಮವೆಂದು ಘೋಷಣೆಯಾದ ರಾಮದೇವರಬೆಟ್ಟದಲ್ಲಿ ಉಳಿದಿರುವುದು ಬೆರಳೆಣಿಕೆಯ ಹದ್ದುಗಳು. ಗುಂಡಿನ ಸೀಸ ಹೊಟ್ಟೆ ಸೇರಿ ಅಮೆರಿಕದ ಕಾಂಡೋರ್ ಹದ್ದುಗಳು ಸತ್ತವೆಂದೇ ಕ್ಯಾಲಿಫೋರ್ನಿಯಾ ಬೇಟೆಗೆ ಸೀಸದ ಗುಂಡನ್ನು ನಿಷೇಧಿಸಿತು.

ಗುಂಡು ಪ್ರಾಣಿಗೆ ತಗುಲಿದರೆ ರೈತನಿಗೇನಾಗುತ್ತದೆ ಎಂಬುದನ್ನು ಬಂದೂಕು ಕೊಡಿಸುತ್ತೇನೆನ್ನುವ ಯಾವ ನಾಯಕನೂ ವೇದಿಕೆಯಲ್ಲಿ ಹೇಳುವುದಿಲ್ಲ. ಬಂದೂಕಿನ ಲೈಸೆನ್ಸ್ ಬೇಟೆಯ ಅನುಮತಿಯಾಗುವುದಿಲ್ಲ. ಆನೆ, ಚಿರತೆ ಎರಡೂ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಕೊಂದರೆ ಮೂರರಿಂದ ಏಳು ವರ್ಷ ಜೈಲು, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ಪ್ರಾಣ ಉಳಿಸಿಕೊಳ್ಳಲು ಕೊಂದರೆ ಅಪರಾಧವಲ್ಲ ಎಂದು ಕಲಂ 11 ಹೇಳುತ್ತದೆ, ನಿಜ. ಅದನ್ನು ಸಾಬೀತು ಮಾಡಲು ನ್ಯಾಯಾಲಯದ ಮೆಟ್ಟಿಲು ಹತ್ತುವವನು ಮಾತ್ರ ಅದೇ ರೈತ. ಬೆಳೆ ಉಳಿಸಲು ಹೊಡೆದೆ ಎಂದರೆ ಆನೆಯ ವಿಷಯದಲ್ಲಿ ಆ ರಕ್ಷಣೆಯೂ ಇಲ್ಲ. ಅವನ ಎರಡು ಎಕರೆ ವಕೀಲರ ಫೀಸಿಗೆ ಹೋದರೆ ಅದನ್ನು ಬೆಳೆಹಾನಿ ಎಂದು ಯಾರೂ ಬರೆದುಕೊಳ್ಳುವುದಿಲ್ಲ.

ಬೇಕಾದಾಗ ಬಂದೂಕು ಕೈಲಿರುತ್ತದೆ ಎಂಬ ಭರವಸೆಯೂ ಇಲ್ಲ. ಐದು ವರ್ಷಕ್ಕೊಮ್ಮೆ ನವೀಕರಣದ ಅಲೆದಾಟವಿದೆ. ಚುನಾವಣೆ ಬಂತೆಂದರೆ ಬಂದೂಕನ್ನು ಠಾಣೆಯಲ್ಲಿ ಠೇವಣಿ ಇಡಿಸುವ ವಾಡಿಕೆಯಿದೆ. ವಿನಾಯಿತಿ ಬೇಕಾದವನು ಅರ್ಜಿ ಹಿಡಿದು ಅಲೆಯಬೇಕು. ಚನ್ನಪಟ್ಟಣದ ಉಪಚುನಾವಣೆಯ ಮತದಾನ ನಡೆದದ್ದು 2024ರ ನವೆಂಬರ್ 13ರಂದು, ರಾಗಿ ಕೊಯ್ಲಿಗೆ ಬರುವ ಕಾಲದಲ್ಲಿ.

ಆನೆಯನ್ನು ಅಟ್ಟಿ ಓಡಿಸುವುದರಿಂದ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಣ್ಣೆದುರಿಗೇ ಒಂದು ಉದಾಹರಣೆ ಇತ್ತು. 2016ರಲ್ಲಿ ಮಾಗಡಿ ಸೀಮೆಗೆ ಬಂದ ಗಂಡಾನೆಯೊಂದು ಜನ ಅಟ್ಟಿಸಿಕೊಂಡು ಹೋದಾಗ ಹಳ್ಳಕ್ಕೆ ಬಿದ್ದು ಮುಂಗಾಲು ಮುರಿದುಕೊಂಡಿತು. ಮಂಚನಬೆಲೆ ಜಲಾಶಯದ ಹಿನ್ನೀರಿನಲ್ಲಿ ಅದು ತಿಂಗಳುಗಟ್ಟಲೆ ನರಳಿತು. ಜನ ಅದನ್ನು ಸಿದ್ದ ಎಂದು ಕರೆದರು. ಪಶುವೈದ್ಯರು ಬಂದರು, ಅದು ಒರಗಿ ನಿಲ್ಲಲೆಂದು ಸೈನ್ಯದ ಎಂಜಿನಿಯರುಗಳು ಕಬ್ಬಿಣದ ಆಸರೆ ಕಟ್ಟಿದರು, ಊರೂರಿನಿಂದ ಜನ ಬಂದು ಹಣ್ಣು ಕೊಟ್ಟು ಕೈಮುಗಿದರು. ಡಿಸೆಂಬರಿನಲ್ಲಿ ಅದು ಸತ್ತಿತು. ಆನೆಯನ್ನು ಅಟ್ಟಿದವರೂ ಅದಕ್ಕಾಗಿ ಅತ್ತವರೂ ಇದೇ ಸೀಮೆಯ ಜನ. ಈ ಜನರ ಕೈಗೆ ಬಂದೂಕು ಕೊಟ್ಟರೆ ಅಟ್ಟುವುದಕ್ಕೆ ಇನ್ನಷ್ಟು ಬಲ ಬರುತ್ತದೆ, ಅಷ್ಟೇ.

ಹಾಗಿದ್ದರೂ ಈ ಬೇಡಿಕೆ ಇಷ್ಟು ಜನಪ್ರಿಯವಾಗಿರುವುದೇಕೆ? ಸರ್ಕಾರಕ್ಕೆ ಇದು ತೀರ ಅಗ್ಗ ಎಂಬುದೇ ನನಗೆ ಕಾಣುವ ಕಾರಣ. ಒಂದು ಲೈಸೆನ್ಸಿಗೆ ಒಂದು ಸಹಿ ಸಾಕು. ರೈಲು ಕಂಬಿಯ ತಡೆಗೋಡೆಗೆ ಪ್ರತಿ ಕಿಲೋಮೀಟರಿಗೂ ಕೋಟಿ ಲೆಕ್ಕದಲ್ಲಿ ಹಣ ಬೇಕು. ಸೋಲಾರ್ ಬೇಲಿ ಹಾಕಿದರೆ ಅದರ ಬ್ಯಾಟರಿ ನೋಡಿಕೊಳ್ಳಲು, ತಂತಿಗೆ ತಾಗುವ ಗಿಡಗಂಟಿ ಸವರಲು ವರ್ಷಪೂರ್ತಿ ಆಳು ಬೇಕು. ಬಂದೂಕು ಕೊಟ್ಟ ದಿನವೇ ಹೊಣೆ ರೈತನ ಹೆಗಲಿಗೆ ಬೀಳುತ್ತದೆ. "ಬಂದೂಕು ಕೊಟ್ಟಿದ್ದೇವಲ್ಲ, ನೀನೇ ಕಾಯಬೇಕಿತ್ತು" ಎಂದು ಮರುದಿನ ಪರಿಹಾರದ ಅರ್ಜಿಯ ಮೇಲೆ ಬರೆಯಲು ಎಷ್ಟು ಹೊತ್ತು?

ಆನೆ ಏಕೆ ಬರುತ್ತಿದೆ ಎಂಬ ಪ್ರಶ್ನೆಯನ್ನೂ ಬಂದೂಕಿನ ಸದ್ದು ಮುಚ್ಚಿಹಾಕುತ್ತದೆ. 1974ರ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಹಾರೋಹಳ್ಳಿ, ಕೋಡಿಹಳ್ಳಿ ವಲಯಗಳಿಂದ 1987ರ ಕಾವೇರಿ ವನ್ಯಧಾಮದ ಸಂಗಮ, ಮುಗ್ಗೂರಿನವರೆಗೆ ಕಾಡು ಒಂದಕ್ಕೊಂದು ಹೆಣೆದುಕೊಂಡಿತ್ತು. ಆ ಹೆಣಿಗೆಯ ನಡುವೆ ಗ್ರಾನೈಟ್ ಕ್ವಾರಿಗಳು ಬಂದವು. ಹಗಲಿಡೀ ಸಿಡಿಮದ್ದು, ರಾತ್ರಿಯಿಡೀ ಲಾರಿ. ರೆಸಾರ್ಟು, ಫಾರ್ಮ್ ಹೌಸು, ಬಡಾವಣೆಗಳ ಬೇಲಿಗಳು ಬಂದವು. 2023ರಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಜಿಲ್ಲೆಯನ್ನು ಅಡ್ಡಡ್ಡ ಸೀಳಿತು. ಇಗ್ಗಲೂರು ಅಣೆಕಟ್ಟಿನ ನೀರು ಚನ್ನಪಟ್ಟಣದ ಕೆರೆಗಳನ್ನು ತುಂಬಿಸಿತು. ಅದು ರೈತನಿಗೆ ಬೇಕಾದ ಒಳ್ಳೆಯ ಕೆಲಸವೇ. ಬೇಸಿಗೆಯಲ್ಲೂ ನೀರಿದ್ದು ಸುತ್ತ ಬಾಳೆ ತೆಂಗು ಇರುವ ಜಾಗವನ್ನು ಆನೆ ಬಿಟ್ಟುಹೋಗದು ಎಂದು ಮಾತ್ರ ಯಾರೂ ಮುಂದಾಲೋಚಿಸಲಿಲ್ಲ. ಕ್ವಾರಿಯ ಗುತ್ತಿಗೆದಾರನಿಗೆ ಬಂದೂಕಿನ ಬೇಡಿಕೆಯಿಂದ ಒಂದು ಕೂದಲೂ ಕೊಂಕುವುದಿಲ್ಲ. ಬೇಡಿಕೆ ಕ್ವಾರಿಯತ್ತ ತಿರುಗಿದ ದಿನ ನಮ್ಮ ಎಷ್ಟು ಜನ ನಾಯಕರು ವೇದಿಕೆಯ ಮೇಲೆ ಉಳಿಯುತ್ತಾರೋ ನೋಡಬೇಕು.

ಹಾಗಾದರೆ ರೈತ ಈ ರಾತ್ರಿ ಏನು ಮಾಡಬೇಕು? ಈ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗುವ ಹಕ್ಕು ನನಗಿಲ್ಲ. ಶ್ರೀಲಂಕಾದಲ್ಲೇ ಇದಕ್ಕೊಂದು ಉತ್ತರವಿದೆ. ಆನೆ ಸಂಶೋಧಕ ಪೃಥ್ವಿರಾಜ್ ಫರ್ನಾಂಡೊ ಮತ್ತು ಅವರ ಸಂಗಡಿಗರು ಕಾಡಂಚಿಗೆ ಹಾಕುತ್ತಿದ್ದ ಸರ್ಕಾರಿ ಬೇಲಿ ಬಿಟ್ಟು, ಊರಿನವರೇ ತಮ್ಮ ಊರಿಗೆ, ತಮ್ಮ ಬಯಲಿಗೆ ಹಾಕಿಕೊಳ್ಳುವ ವಿದ್ಯುತ್ ಬೇಲಿಯನ್ನು ರೂಢಿಗೆ ತಂದರು. ಬಯಲಿನ ಬೇಲಿ ಬಿತ್ತನೆಗೆ ಏಳುತ್ತದೆ, ಕೊಯ್ಲಿನ ನಂತರ ಬಿಚ್ಚಿಡುತ್ತಾರೆ. ಸಂಘ ಕಟ್ಟಿ, ಹಣ ಹಾಕಿ, ಸರದಿಯ ಮೇಲೆ ಅವರೇ ನೋಡಿಕೊಳ್ಳುವುದರಿಂದ ಅದು ಕೆಟ್ಟು ಬಿದ್ದಿರುವುದಿಲ್ಲ. ಪ್ರಾಣ ಉಳಿಸುವ ದಾರಿ ಇನ್ನೂ ಹತ್ತಿರದಲ್ಲಿದೆ. ತಮಿಳುನಾಡಿನ ವಾಲ್ಪಾರೈನಲ್ಲಿ 2011ರಿಂದ, ಆಮೇಲೆ ನಮ್ಮ ಹಾಸನದ ಆಲೂರು, ಸಕಲೇಶಪುರ ಭಾಗದಲ್ಲಿ, ನೇಚರ್ ಕನ್ಸರ್ವೇಷನ್ ಫೌಂಡೇಶನ್ ಅರಣ್ಯ ಇಲಾಖೆಯ ಜೊತೆ ಸೇರಿ ಆನೆ ಎಲ್ಲಿದೆ ಎಂಬ ಸುದ್ದಿಯನ್ನು ಮೊಬೈಲಿಗೆ ಮುಟ್ಟಿಸುವ, ಕವಲುದಾರಿಯಲ್ಲಿ ಕೆಂಪು ದೀಪ ಉರಿಸುವ ವ್ಯವಸ್ಥೆ ಮಾಡಿತು. ವಾಲ್ಪಾರೈನಲ್ಲಿ ಆನೆಯಿಂದಾಗುವ ಸಾವು ಗಣನೀಯವಾಗಿ ಇಳಿಯಿತು. ಜನ ಸಾಯುತ್ತಿದ್ದದ್ದು ಹೆಚ್ಚಾಗಿ ಅಲ್ಲಿ ಆನೆಯಿದೆಯೆಂದು ಗೊತ್ತಿಲ್ಲದೆ ಎದುರಾದದ್ದರಿಂದ.

ಈ ನಾಲ್ಕು ತಾಲ್ಲೂಕಿನ ರೈತ ಸಂಘಗಳು ಮುಂದಿನ ಬಾರಿ ಧರಣಿ ಕೂರುವಾಗ ಮನವಿಪತ್ರದಿಂದ ಬಂದೂಕಿನ ಸಾಲನ್ನು ಹೊಡೆದುಹಾಕಲಿ. ಅದರ ಜಾಗದಲ್ಲಿ ಕೇಳಬೇಕಾದ್ದು ಬೇಕಾದಷ್ಟಿದೆ. ತೆಂಗಿನಕಲ್ಲು, ಕಬ್ಬಾಳು, ಸಾವನದುರ್ಗದ ಸುತ್ತಲಿನ ಪ್ರತಿ ಊರಿಗೂ ಬೇಲಿಗೆ ಹಣ, ಅದನ್ನು ನೋಡಿಕೊಳ್ಳುವ ಊರಿನ ಹುಡುಗರಿಗೆ ಸಂಬಳ. ಆನೆಯ ಸುದ್ದಿ ಸಂಜೆಯೊಳಗೆ ಪ್ರತಿ ಮೊಬೈಲಿಗೆ. ಬಾಳೆ, ತೆಂಗು, ಮಾವಿನ ಮರಕ್ಕೆ ಇಂದಿನ ಮಾರುಕಟ್ಟೆಯ ಬೆಲೆಯಲ್ಲಿ ಪರಿಹಾರ, ಅದೂ ಮುಂದಿನ ಬಿತ್ತನೆಯ ಮುಂಚೆ ಬ್ಯಾಂಕ್ ಖಾತೆಗೆ. ಹಂದಿಯಿಂದಾದ ನಷ್ಟಕ್ಕೂ ಅಷ್ಟೇ ಬೆಲೆ. ಆನೆ ನಡೆವ ದಾರಿಯಲ್ಲಿ ಹೊಸ ಕ್ವಾರಿಗೆ ಅನುಮತಿ ಬೇಡ, ಹಳೆಯದರ ಗುತ್ತಿಗೆ ನವೀಕರಣವೂ ಬೇಡ. ಈ ಸಾಲುಗಳಲ್ಲಿ ಯಾವುದಕ್ಕೆ ಒಪ್ಪಿಗೆ, ಯಾವುದಕ್ಕೆ ಇಲ್ಲ ಎಂದು ಶಾಸಕರಿಂದಲೂ ಜಿಲ್ಲಾಧಿಕಾರಿಯಿಂದಲೂ ಬರಹದಲ್ಲೇ ಉತ್ತರ ಕೇಳಲಿ, ಬಂದ ಉತ್ತರವನ್ನು ಪ್ರತಿ ಗ್ರಾಮಸಭೆಯಲ್ಲಿ ಓದಿ ಹೇಳಲಿ.